ಬಲಗೈ ಕೇಳದ ಬಂದೂಕು

ನಮ್ಮ ಸೋದರತ್ತೆ ಬಂದೂಕು ಇಟ್ಟುಕೊಂಡಿದ್ದಾಳೆ ಎಂದು ಕೇಳಿ ನೀವು ಹೆದರುವುದಾದರೆ ಅದು ನಿಮ್ಮ ತಪ್ಪು. ಆ ಬಂದೂಕಿನಿಂದ ಅವಳು ಇವತ್ತಿನವರೆಗೂ ಒಂದು ಹೆಗ್ಗಣವನ್ನೂ ಹೊಡೆದಿಲ್ಲ. ಹೊಡೆಯುವ ಕೆಲಸವನ್ನೆಲ್ಲ ಅವಳ ನಾಲಿಗೆಯೇ ಮಾಡಿ ಮುಗಿಸುತ್ತದೆ. ಬಂದೂಕು ಬರೀ ಸಾಕ್ಷಿಗೆ!

ಬಿ.ಜಿ. ಕೆರೆಯ ಆಚೆ ಗುಡ್ಡದ ಬುಡದಲ್ಲಿ ಅವಳ ಶೇಂಗಾ ಹೊಲ. ಕಾಯಿ ಬಲಿಯುವ ಹೊತ್ತಿಗೆ ಸರಿಯಾಗಿ ಗುಡ್ಡದ ಹಂದಿಗಳು ಬೀಗರೂಟಕ್ಕೆ ಬಂದ ಹಾಗೆ ಮಕ್ಕಳು ಮರಿ ಸಮೇತ ಇಳಿಯುತ್ತವೆ. ಅತ್ತೆ ಅವುಗಳನ್ನು ಬೈಯುವುದು ತೆಲುಗಿನಲ್ಲಿ. "ಪೋರಾ! ಪೋ! ಸಿಗ್ಗು ಲೇದಾ ನೀಕು?" ಹೋಗೋ, ನಾಚಿಕೆ ಇಲ್ವಾ ನಿನಗೆ ಅಂತ. ಯಾಕತ್ತೆ, ಕನ್ನಡದಲ್ಲಿ ಬೈದರೆ ಆಗಲ್ವಾ ಎಂದು ಒಮ್ಮೆ ಕೇಳಿದೆ.

"ಲೇ, ಅವು ಗುಡ್ಡದಾಚೆ ತೆಲುಗು ಸೀಮೆ, ರಾಯದುರ್ಗದ ಕಡೆಯಿಂದ ಬರೋವು ಕಣೋ. ಕನ್ನಡದಾಗೆ ಬೈದ್ರೆ ಅವುಕ್ಕೆ ಹೆಂಗೆ ತಿಳೀಬೇಕು?"

ನಮ್ಮತ್ತೆಯ ನ್ಯಾಯವೇ ಇಂಥದ್ದು.

ಇನ್ನು ಅವಳ ಕೈಯ ವಿಷಯ. ನಮ್ಮತ್ತೆ ಎಡಚಿ. ಕುಡುಗೋಲು ಎಡಗೈ, ಪೊರಕೆ ಎಡಗೈ, ಸೂಜಿಗೆ ದಾರ ಪೋಣಿಸುವುದೂ ಎಡಗೈ. ಹುಡುಗಿಯಾಗಿದ್ದಾಗ ಸಜ್ಜೆ ಹೊಲದ ಅಟ್ಟಣೆ ಹತ್ತಿ ಕವಣೆ ಬೀಸಿದರೆ, ಗಿಣಿ ಕೂತ ತೆನೆ ಬಿಟ್ಟು ಪಕ್ಕದ ತೆನೆಗೇ ಕಲ್ಲು ತಾಗುತ್ತಿತ್ತಂತೆ. ಗುರಿ ತಪ್ಪಿ ಅಲ್ಲ, ಗಿಣಿಗೆ ಪೆಟ್ಟಾಗಬಾರದು ಅಂತ! ಇದು ನಮ್ಮಪ್ಪ ಹೇಳುವ ಮಾತು. ತಂಗಿಯ ವಿಷಯದಲ್ಲಿ ನಮ್ಮಪ್ಪ ಸುಳ್ಳು ಹೇಳುವುದಿಲ್ಲ. ಸ್ವಲ್ಪ ಉಪ್ಪು ಖಾರ ಹಾಕುತ್ತಾನೆ, ಅಷ್ಟೆ.

ಆದರೆ ಲಗ್ನವಾಗಿ ಹೋದ ಮನೆಯಲ್ಲಿ ಎಡಗೈಗೆ ಮರ್ಯಾದೆ ಇರಲಿಲ್ಲ. ಅವಳ ಅತ್ತೆ ಮಹಾ ಕಟ್ಟುನಿಟ್ಟಿನ ಹೆಂಗಸು. ಸೊಸೆ ಎಡಗೈಯಲ್ಲಿ ಸೌಟು ಹಿಡಿದರೆ ತಟ್ಟೆ ಬಿಟ್ಟು ಏಳುತ್ತಿದ್ದಳಂತೆ. ಆ ಮುದುಕಿ ಹೋಗಿ ಎಷ್ಟೋ ಕಾಲವಾಯಿತು, ಆದರೆ ಆಕೆಯ ಕಿರಿಮಗ ತಾಯಿಯ ಕಾನೂನನ್ನು ಹಾಗೇ ಉಳಿಸಿಕೊಂಡು ಬಂದಿದ್ದಾರೆ. ಅತ್ತೆಯ ಈ ಮೈದುನನನ್ನು ನಾನು ಚಿಕ್ಕಮಾವ ಅನ್ನುತ್ತೇನೆ. ಅತ್ತಿಗೆ ಎಡಗೈಯಲ್ಲಿ ಚೊಂಬು ನೀಡಿದರೆ ಎಂಥ ಬಾಯಾರಿಕೆಯಿದ್ದರೂ ಮುಟ್ಟುವುದಿಲ್ಲ. ಅವಳು ಚೊಂಬನ್ನು ಬಲಗೈಗೆ ದಾಟಿಸುವಷ್ಟರಲ್ಲಿ ಅರ್ಧ ನೀರು ಅವರ ಪಂಚೆಯ ಮೇಲೆ! ಕೈ ಜಾರಿ ಚೆಲ್ಲುತ್ತದೋ, ಬೇಕೆಂದೇ ಚೆಲ್ಲುತ್ತಾಳೋ, ಆ ಮಾರಮ್ಮನಿಗೇ ಗೊತ್ತು.

ಅತ್ತೆಯ ಗಂಡ, ನಮ್ಮ ಮಾವ, ತೀರಿಕೊಂಡಾಗ ಬೆಳೆ ಕಾಯಲು ಇಟ್ಟುಕೊಂಡಿದ್ದ ಅವರ ಹಳೇ ರೈಫಲ್ಲು, ಲೈಸೆನ್ಸು ಸಮೇತ, ವಾರಸಿನ ಲೆಕ್ಕದಲ್ಲಿ ಅತ್ತೆಯ ಹೆಸರಿಗೆ ಬಂತು. ಅದು ಬೋಲ್ಟಿನ ಬಂದೂಕು. ಬೋಲ್ಟು, ಅಂದರೆ ಮುಂದಿನ ಗುಂಡು ಏರಿಸುವ ಕಬ್ಬಿಣದ ಹಿಡಿಕೆ, ಇರುವುದು ಬಲಕ್ಕೆ. ಒಂದು ಗುಂಡು ಹಾರಿಸಿ ಇನ್ನೊಂದಕ್ಕೆ ಬೋಲ್ಟು ಎಳೆಯಬೇಕೆಂದರೆ ಎಡಚಿಯಾದವಳು ಬಂದೂಕಿನ ಮೇಲಿಂದ ಕೈ ದಾಟಿಸಿ, ಪಂಕ್ತಿಯಲ್ಲಿ ಪಕ್ಕದವನ ಎಲೆಯ ಹಪ್ಪಳಕ್ಕೆ ಕೈ ಹಾಕಿದ ಹಾಗೆ ಹಾಕಬೇಕು. ಅಷ್ಟರಲ್ಲಿ ಹಂದಿಗಳು ಒಂದು ಸಾಲು ಶೇಂಗಾ ಮುಗಿಸಿ ಎರಡನೇ ಸಾಲಿಗೆ ಕೂತಿರುತ್ತಿದ್ದವು.

"ಇದು ಥೇಟು ನಮ್ಮತ್ತೇನೇ ಕಣಪ್ಪ," ಅಂದಳು ಒಂದು ದಿನ, ಬಂದೂಕನ್ನು ಗೋಡೆಗೆ ಒರಗಿಸಿ. "ಬಲಗೈ, ಬಲಗೈ ಅಂತ ಹಗಲೆಲ್ಲ ಬಡ್ಕೊಂತತೆ. ಸಾಕಾತು. ಇನ್ನು ನನಗೊಬ್ಬಳು ಸೊಸೆ ಬೇಕು."

ಚಳ್ಳಕೆರೆಯಲ್ಲಿ ನನ್ನದು ಆಯಿಲ್ ಮಿಲ್ಲುಗಳಿಗೆ ಬೆಲ್ಟು, ಬೇರಿಂಗು ಮಾರುವ ಅಂಗಡಿ. ಮಿಲ್ಲಿನವರಲ್ಲೊಬ್ಬರು ಮಾತಿಗೆ ಹೇಳಿದ್ದರು, ಈಗ ಲಿವರಿನ ರೈಫಲ್ಲು ಹೊಸದಾಗಿ ಬರುತ್ತಿದೆ, ಹಿಡಿಯ ಕೆಳಗೆ ಒಂದು ಬಳೆ, ಅದನ್ನು ಕೆಳಕ್ಕೆ ದೂಡಿ ಮೇಲಕ್ಕೆ ಎಳೆದರೆ ಮುಂದಿನ ಗುಂಡು ತಯಾರು, ಎಡ ಬಲ ಅನ್ನುವ ಭೇದವೇ ಇಲ್ಲ ಅಂತ. ನಾನು ಬಾಯಿ ತಪ್ಪಿ ಅತ್ತೆಯ ಮುಂದೆ ಅಂದೆ. ಮುಗೀತು! ಬದಲಾಯಿಸಿಕೊಳ್ಳಲು ಅಪ್ಪಣೆ ಪಡೆಯುವವರೆಗೆ ಅವಳು ತಾಲೂಕಿನವರನ್ನೂ ಮಲಗಗೊಡಲಿಲ್ಲ, ನನ್ನನ್ನೂ ಮಲಗಗೊಡಲಿಲ್ಲ. ಅಪ್ಪಣೆ ಸಿಕ್ಕಿದ್ದೇ ಒಂದು ಸೋಮವಾರ ನೋಡಿ, ತಲೆಗೆ ಎಣ್ಣೆ ಹಾಕಿ ಬಾಚಿ, ಎಲೆಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿ, ಬದಲಿಗೆ ಕೊಡಲು ಹಳೇ ಬಂದೂಕನ್ನೂ ಹೊತ್ತುಕೊಂಡು, ನನ್ನ ವ್ಯಾನಿನಲ್ಲಿ ದಾವಣಗೆರೆಗೆ ಹೊರಟಳು.

ಬಂದೂಕಿನಂಗಡಿಯವನು ನನ್ನನ್ನು ನೋಡಿ, ಅವಳನ್ನು ನೋಡಿ, "ಯಾರಿಗಮ್ಮಾ? ಮಗನಿಗಾ?" ಅಂದ.

"ನನಗೆ ಮಗ ಇಲ್ಲಪ್ಪ. ಸೊಸೆ ನೋಡಾಕೆ ಬಂದೀನಿ. ತೋರ್ಸು."

ಅವನು ಒಂದು ತಂದಿಟ್ಟ. ಅತ್ತೆ ಲಿವರು ಆಡಿಸಿದಳು. ಕಿವಿ ಕೊಟ್ಟು ಕೇಳಿದಳು. "ಮರಳು ಬಿದ್ದ ಬೀಸೋಕಲ್ಲಿನಂಗೆ ಗರಗರ ಅಂತತೆ. ಗಂಟಲು ಸರಿ ಇಲ್ಲ." ಆಮೇಲೆ ಚೀಲದಿಂದ ಒಂದು ವೀಳ್ಯದೆಲೆ ತೆಗೆದು, ಕಟ್ಟಿಗೆಯೂ ಕಬ್ಬಿಣವೂ ಕೂಡುವ ಸಂದಿಗೆ ಅದರ ಅಂಚು ತೂರಿಸಿದಳು. ಎಲೆ ಸಲೀಸಾಗಿ ಒಳಗೆ ಹೋಯಿತು! "ನೋಡಪ್ಪ. ಎಲೆ ಹೋದ ಮೇಲೆ ಮಳೆ ನೀರು ಹೋಗಲ್ವಾ? ಸ್ಕ್ರೂ ತಲೆ ನೋಡು, ಇಲಿ ಕಡಿದಂಗೈತೆ. ಇದನ್ನ ಯಾರು ಕೂಡ್ಸಿದ್ರೋ, ಹೊಟ್ಟೆ ಹಸಿದಾಗ ಕೂಡ್ಸಿರಬೇಕು."

ಅಂಗಡಿಯವನು ಮೂವತ್ತು ವರ್ಷದ ವ್ಯಾಪಾರದಲ್ಲಿ ಬಂದೂಕಿಗೆ ವೀಳ್ಯದ ಪರೀಕ್ಷೆ ನೋಡಿರಲಿಲ್ಲ. ಬೆವರು ಒರೆಸಿಕೊಂಡು ಒಳಗಿನಿಂದ ಇನ್ನೊಂದು ತಂದ. ಅದರ ಸಂದಿಗೆ ಎಲೆ ಹೋಗಲಿಲ್ಲ. ಅತ್ತೆ ಅದನ್ನು ಎಡಭುಜಕ್ಕೆ ಒತ್ತಿ, ಎಡಗೈ ಬೆರಳುಗಳನ್ನು ಆ ಬಳೆಯೊಳಗೆ ತೂರಿಸಿ, ಕೆಳಕ್ಕೆ ದೂಡಿದಳು, ಮೇಲಕ್ಕೆ ಎಳೆದಳು. ಕಟಕ್, ಕಟಕ್. ಕೈ ದಾಟಿಸಬೇಕಾಗಿಲ್ಲ, ಕೆನ್ನೆ ಎತ್ತಬೇಕಾಗಿಲ್ಲ. ಮತ್ತೊಮ್ಮೆ ಕಟಕ್, ಕಟಕ್. ಆಮೇಲೆ ನನ್ನ ಕಡೆ ತಿರುಗಿದಳು. ಬಾಯಿ ತುಂಬ ನಗು.

"ಲೇ! ಇದು ಬಲಗೈ ಕೇಳಾದೇ ಇಲ್ಲ ಕಣೋ!"

ಅಂಗಡಿಯವನು ಸಮಾಧಾನದ ಉಸಿರು ಬಿಟ್ಟ. ಅತ್ತೆ ಬಿಟ್ಟಾಳೆಯೇ? ಬೆರಳ ಗೆಣ್ಣು ತೋರಿಸಿದಳು. ಬಳೆಯ ಅಂಚು ಹರಿತವಾಗಿ ಚರ್ಮ ಕೆಂಪಾಗಿತ್ತು. "ಹುಡುಗಿ ಒಳ್ಳೇಳೇ, ಆದ್ರೆ ಉಗುರು ಉದ್ದ ಬಿಟ್ಟವಳೆ. ಇರ್ಲಿ, ನಮ್ಮನೀಗೆ ಬಂದ ಮೇಲೆ ಸರಿ ಹೋಗ್ತಾಳೆ."

ಮನೆಗೆ ಬಂದವಳೇ ತನ್ನ ಮದುವೆಯ ಮೊಳಕಾಲ್ಮೂರು ಸೀರೆಯ ಅಂಚಿನಿಂದ ಒಂದು ಪಟ್ಟಿ ಕತ್ತರಿಸಿ ಲಿವರಿಗೆ ಸುತ್ತಿದಳು. ಜರಿಯ ಅಂಚು ಸುತ್ತಿದ ರೈಫಲ್ಲು! ದೇಶದಲ್ಲಿ ಇನ್ನೊಂದು ಇದ್ದರೆ ನನಗೆ ತೋರಿಸಿ. ಕೈ ಪಳಗಲೆಂದು ಒಂದಷ್ಟು ಗುಂಡು ಹಾರಿಸಿದ ಮೇಲೆ ಸ್ಕ್ರೂಗಳು ಸಡಿಲವಾಗತೊಡಗಿದವು. ಹೊಸ ಬಂದೂಕುಗಳ ಹಣೆಬರಹವೇ ಅದಂತೆ. ಅತ್ತೆ ನಮ್ಮ ಮನೆಗೆ ಬಂದು ನನ್ನ ಹೆಂಡತಿಯ ಉಗುರುಬಣ್ಣದ ಶೀಶೆ ಇಸ್ಕೊಂಡು ಒಂದೊಂದು ಸ್ಕ್ರೂವಿಗೂ ಒಂದೊಂದು ತೊಟ್ಟು ಹಚ್ಚಿದಳು. ಅವು ಮತ್ತೆ ಅಲುಗಾಡಲಿಲ್ಲ. "ನನ್ನ ಹತ್ರ ಕೆಂಪು ಬಿಟ್ರೆ ಬೇರೆ ಬಣ್ಣ ಇರಲಿಲ್ಲ ಅತ್ತೆ," ಅಂತ ನನ್ನ ಹೆಂಡತಿ ಪೇಚಾಡಿದರೆ, "ಹೊಸ ಸೊಸೆಗೆ ಕೆಂಪೇ ಲಕ್ಷಣ ಬಿಡವ್ವ," ಅಂದಳು.

ಹಂದಿಗಳ ವಿಷಯ ಕೇಳುತ್ತೀರಾ? ಗುಂಡಿನ ಅಗತ್ಯವೇ ಬೀಳಲಿಲ್ಲ. ಅಟ್ಟಣೆಯ ಮೇಲೆ ಕೂತು ಬರಿದಾದ ಬಂದೂಕಿನ ಲಿವರು ಆಡಿಸಿದರೆ ಸಾಕು. ಕಟಕ್ ಅನ್ನುವುದೇ ತಡ, ಹಂದಿಗಳು ಗುಡ್ಡ ಹತ್ತುತ್ತಿದ್ದವು. ಯಾವಾಗಲಾದರೊಮ್ಮೆ ಮೊಂಡ ಹಂದಿ ಬಂದರೆ ಆಕಾಶಕ್ಕೊಂದು. ಅದರ ಹಿಂದೆ ತೆಲುಗು.

ಇಷ್ಟು ಚೆನ್ನಾಗಿ ನಡೆಯುತ್ತಿದ್ದಾಗ ಆಯುಧಪೂಜೆ ಬಂತು ನೋಡಿ.

ನೇಗಿಲು, ಕುಡುಗೋಲು, ನನ್ನ ವ್ಯಾನು ಎಲ್ಲಕ್ಕೂ ಒಂದೊಂದು ಬೊಟ್ಟು ಸಾಕು. ಆದರೆ ಸೊಸೆಗೆ? ಮೊದಲನೇ ಹಬ್ಬ! ಅತ್ತೆ ಅರಿಶಿನ ಬಳಿದಳು, ಕುಂಕುಮ ಮೆತ್ತಿದಳು, ಕಾಯಿ ಒಡೆದು ನೀರು ಚಿಮುಕಿಸಿದಳು. ಇಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಲಿವರು ಕೆಳಕ್ಕೆ ದೂಡಿ, ಬಾಯಿ ಬಿಟ್ಟ ಬಂದೂಕಿಗೆ ಬಾಳೆಹಣ್ಣು ಬೆಲ್ಲದ ಪ್ರಸಾದವನ್ನೂ ಒಂದು ಚೂರು ತಿನ್ನಿಸಿದಳು!

ಎರಡು ದಿನ ಬಿಟ್ಟು ಹಂದಿಗಳು ಬಂದಾಗ ಸೊಸೆ ಬಾಯಿ ತೆರೆಯಲಿಲ್ಲ. ಲಿವರು ಕಲ್ಲಾಗಿತ್ತು. ಅತ್ತೆ ತನಗೆ ಬರುವ ತೆಲುಗನ್ನೆಲ್ಲ ಖರ್ಚು ಮಾಡಿದಳು. ಸಾಲದೆ ಬಂದು ಹಂದಿಗಳಿಗೆ ಕನ್ನಡದಲ್ಲೂ ಬೈದಳಂತೆ. ಅವು ತಿಂದು ಮುಗಿಸಿಯೇ ಹೋದವು.

ಮಾರನೇ ದಿನ ಬಂದೂಕು, ಲೈಸೆನ್ಸು ಎರಡನ್ನೂ ಹಿಡಿದು ಚಳ್ಳಕೆರೆಗೆ ಬಂದಳು. ನನ್ನ ಅಂಗಡಿಯ ಪಕ್ಕ ಒಬ್ಬ ಪಂಪುಸೆಟ್ಟಿನ ಮೇಸ್ತ್ರಿ ಇದ್ದಾನೆ. ತಮಾಷೆಯ ಮನುಷ್ಯ, ಕಾನೂನಿಗೆ ಬಹಳ ಅಂಜುವವನು, ಅತ್ತೆಯನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವವನು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ.

"ಖಾಲಾ, ನಾನು ಮುಟ್ಟಂಗಿಲ್ಲ. ನಿಮ್ದು ಲೈಸೆನ್ಸು, ನಿಮ್ದೇ ಕೈ. ನೀವು ಬಿಚ್ಚಿ, ನಾನು ದೂರದಿಂದ ನೋಡ್ತೀನಿ."

ಅತ್ತೆ ಬಿಚ್ಚಿದಳು. ಮೇಸ್ತ್ರಿ ಬಗ್ಗಿ ನೋಡಿದ. "ಯಾ ಅಲ್ಲಾ! ಒಳಗೆ ಮದುವೆ ಊಟ ಆಗೈತಲ್ಲ ಖಾಲಾ! ಕುಂಕುಮ, ಬೆಲ್ಲ... ಅದೇನು, ಬಾಳೆಹಣ್ಣಾ?"

"ಪ್ರಸಾದ ಕಣಪ್ಪ."

"ಪ್ರಸಾದ ನಮಗೆ ಕೊಡಿ ಖಾಲಾ, ಮಿಷನ್ನಿಗೆ ಎಣ್ಣೆ ಕೊಡಿ."

ಅವನು ಹೇಳುತ್ತಾ ಹೋದ, ಅವಳು ಒರೆಸುತ್ತಾ ಹೋದಳು. ಸಂಜೆಯ ಹೊತ್ತಿಗೆ ಮತ್ತೆ ಕಟಕ್ ಅಂದಿತು. ಅವಳ ಕೈಯನ್ನೇ ನೋಡುತ್ತಿದ್ದ ಮೇಸ್ತ್ರಿ ಅಂದ, "ಬಜಾರದಾಗೆ ಎಷ್ಟು ಮಿಷನ್ ನೋಡಿದೀನಿ ಖಾಲಾ, ಎಲ್ಲಾ ಬಲಗೈಯವರಿಗೆ ಮಾಡಿದ್ದು. ಇದೊಂದು ನಿಮಗೆ ಸಿಕ್ಕೈತೆ. ಬಿಡಬ್ಯಾಡಿ."

ಬಿಡುವ ಪ್ರಸಂಗವೇ ಎದುರಿಗೆ ಬಂತು. ಬಂದೂಕು ಕೆಟ್ಟು ನಿಂತಿದ್ದ ಸುದ್ದಿ ಚಿಕ್ಕಮಾವನ ಕಿವಿಗೆ ಬಿತ್ತು. ಅವರಿಗೆ ಮೊದಲಿನಿಂದಲೂ ಒಂದು ಹಳಹಳಿ. ಅಣ್ಣನ ಬಂದೂಕು ತಮ್ಮನಿಗೆ ಬರಬೇಕಿತ್ತು, ಮದುವೆ ಮನೆಯಲ್ಲಿ ಹೆಗಲಿಗೆ ಹಾಕಿಕೊಂಡು ಕೂರಬೇಕಿತ್ತು ಅಂತ. ಲೈಸೆನ್ಸು ಹೊಸದು ಮಾಡಿಸುವ ಸಮಯವೂ ಅದೇ ಆಗಿತ್ತು. ಅವರೊಂದು ಅರ್ಜಿ ಬರೆದರು: ಅತ್ತಿಗೆಗೆ ವಯಸ್ಸಾಗಿದೆ, ಅವರು ಎಡಚರು, ಬಂದೂಕು ಅವರ ಕೈಯಲ್ಲಿ ಕೆಲಸ ಮಾಡುತ್ತಿಲ್ಲ, ಆದ್ದರಿಂದ ಅದನ್ನು ನನ್ನ ಹೆಸರಿಗೆ ಮಾಡಿಕೊಡಬೇಕು.

ವಿಚಾರಣೆಗೆ ಕರೆದ ಅಧಿಕಾರಿ ಒಳ್ಳೆಯವರೇ. ಪೇಪರು ನೋಡುತ್ತಾ ಕೇಳಿದರು, "ವಯಸ್ಸೆಷ್ಟಮ್ಮಾ?"

"ಬಂದೂಕಿಂದಾ ಸಾಮಿ, ನಂದಾ?"

ಅವರು ನಗು ತಡೆದುಕೊಂಡು, ಸುಮ್ಮನೆ ಜಗಳ ಬೇಡ, ನಾಗರಿಕರ ಬಂದೂಕು ತರಬೇತಿ ಶಿಬಿರ ನಡೆಯಲಿದೆ, ಇಬ್ಬರೂ ಬನ್ನಿ, ತರಬೇತುದಾರರು ಏನು ವರದಿ ಕೊಡುತ್ತಾರೋ ಅದರಂತೆ ಮಾಡೋಣ ಎಂದರು. ಹೊರಗೆ ಬಂದ ಮೇಲೆ ಅತ್ತೆ ವ್ಯಾನಿನಲ್ಲಿ ಎಲೆಅಡಿಕೆ ಚೀಲ ಬಿಚ್ಚಿದಳು, ಎಲೆ ತೆಗೆಯದೆ ಮತ್ತೆ ಕಟ್ಟಿದಳು. ಆಮೇಲೆ ಅಂದಳು, "ಇಷ್ಟು ವರ್ಷಕ್ಕೆ ಒಂದೇ ಒಂದು ವಸ್ತು ನನ್ನ ಕೈ ನೋಡಿ ಮುಖ ತಿರುವಲಿಲ್ಲ ಕಣೋ. ಅದನ್ನೂ ಕೊಡಬೇಕಂತಾ?"

ಶಿಬಿರ ನಡೆದದ್ದು ಚಳ್ಳಕೆರೆಯ ಹೊರಗೆ, ಒಂದು ಬೋಳುಗುಡ್ಡದ ಬುಡದಲ್ಲಿ. ಕಪ್ಪು ಕನ್ನಡಕದ ಹುಡುಗರು, ಮೀಸೆ ತಿರುವುವ ಗೌಡರು, ಅವರ ನಡುವೆ ಸೆರಗು ಸೊಂಟಕ್ಕೆ ಬಿಗಿದ ನಮ್ಮತ್ತೆ. ಪಕ್ಕದಲ್ಲೇ ಇಸ್ತ್ರಿ ಅಂಗಿಯ ಚಿಕ್ಕಮಾವ, ಶಿಬಿರದವರು ಕೊಟ್ಟ ಬಂದೂಕು ಹಿಡಿದು. ತರಬೇತುದಾರ ಭಾರೀ ಗಂಟಲಿನ ಮನುಷ್ಯ. ಅತ್ತೆ ರೈಫಲ್ಲನ್ನು ಎಡಭುಜಕ್ಕೆ ಏರಿಸಿದ್ದು ನೋಡಿ ಕೂಗಿದ, "ಅಮ್ಮಾ, ಉಲ್ಟಾ ಹಿಡಿದೀರಿ! ಎಲ್ಲರ ಹಂಗೆ ಬಲಗಡೆ ಹಿಡೀರಿ!"

"ನಂದು ಇದೇ ಕಡೆ ಸಾರ್..."

"ಸಾಲಿನಾಗೆ ಎಲ್ಲಾರದೂ ಒಂದೇ ಕಡೆ!"

ಅಲ್ಲೂ ಅದೇ ಹಾಡು! ಅತ್ತೆ ಬಲಭುಜಕ್ಕೆ ಬದಲಾಯಿಸಿದಳು. ಆರ್ಡರು ಬಂತು, ಗುಂಡುಗಳು ಹಾರಿದವು. ಹೋಗಿ ನೋಡಿದರೆ ಅತ್ತೆಯ ಗುರಿಹಲಗೆ ಆಗ ತಾನೇ ಪ್ರೆಸ್ಸಿನಿಂದ ಬಂದ ಹಾಗೆ ಬೆಳ್ಳಗಿತ್ತು. ಒಂದು ತೂತಿಲ್ಲ! ಅತ್ತ ಚಿಕ್ಕಮಾವನ ಹಲಗೆಯಲ್ಲಿ ತೂತುಗಳ ಜಾತ್ರೆ. ಅವರು ಮೀಸೆಯ ಮೇಲೆ ಕೈ ಇಟ್ಟು, "ನಮ್ಮ ಮನೆತನದಾಗೇ ಐತೆ ಗುರಿ," ಅಂತ ಅಕ್ಕಪಕ್ಕದವರಿಗೆ ಹೇಳತೊಡಗಿದರು.

ತರಬೇತುದಾರ ತೂತು ಎಣಿಸಿದ. ಮತ್ತೆ ಎಣಿಸಿದ. "ಸ್ವಾಮಿ, ನಾನು ನಿಮಗೆ ಕೊಟ್ಟಿದ್ದು ಐದು ಗುಂಡು. ಇಲ್ಲಿ ಏಳು ತೂತು! ಎರಡು ಮನೆಯಿಂದ ತಂದಿದ್ರಾ?"

ಸಾಲಿಗೆ ಸಾಲೇ ಗೊಳ್ಳೆಂದಿತು. ಅತ್ತೆ ತಣ್ಣಗೆ ಅಂದಳು, "ಅವೆರಡು ನಂದು ಸಾರ್. ಬಲಗೈ ಅಂದ್ರಲ್ಲ, ಬಲಗೈ ಹೋಗಿ ಮೈದುನನ ಮನೆ ಸೇರ್ಕೊಂಡೈತೆ."

ತರಬೇತುದಾರನಿಗೂ ನಗು ಬಂತು. ನಕ್ಕ ಮನುಷ್ಯ ಕೆಟ್ಟವನಾಗಿರಲು ಸಾಧ್ಯವಿಲ್ಲ. "ಸರಿ ಅಮ್ಮಾ. ನಿಮ್ಮ ಕಡೆಯಿಂದಲೇ ಒಂದು ಸಲ ಹೊಡೀರಿ. ನೋಡೇ ಬಿಡೋಣ."

ಅತ್ತೆ ಕಾಲು ಅಗಲಿಸಿ ನಿಂತಳು. ರೈಫಲ್ಲು ಎಡಭುಜಕ್ಕೆ ಬಂತು, ಕೆನ್ನೆ ಕಟ್ಟಿಗೆಗೆ ಒರಗಿತು, ಜರಿಯಂಚಿನ ಬಳೆಯೊಳಗೆ ಬೆರಳು ಸೇರಿತು. ಢಮ್! ಕಟಕ್, ಕಟಕ್. ಢಮ್! ಕಟಕ್, ಕಟಕ್. ಕೆನ್ನೆ ಕದಲಲಿಲ್ಲ, ಕಣ್ಣು ಮಿಟುಕಲಿಲ್ಲ, ಮಗ್ಗದ ಮುಂದೆ ಕೂತವಳು ಲಾಳಿ ಆಡಿಸುವ ಲಯ. ಪಕ್ಕದ ಹುಡುಗರು ತಮ್ಮ ಬೋಲ್ಟು ಎಳೆಯುವುದನ್ನು ಮರೆತು ನಿಂತರು. ಕೊಟ್ಟ ಗುಂಡೆಲ್ಲ ಮುಗಿದಾಗ ಹಲಗೆಯ ಕಪ್ಪು ವೃತ್ತದಲ್ಲಿ, ಒಂದು ಅಂಗೈ ಮುಚ್ಚುವಷ್ಟು ಜಾಗದಲ್ಲಿ, ಐದಕ್ಕೆ ಐದೂ ಕೂತಿದ್ದವು!

ನಾನು ಶಿಳ್ಳೆ ಹೊಡೆದೆ. ಹೊಡೆಯಬಾರದಿತ್ತು, ಪೊಲೀಸರ ಜಾಗ. ಆದರೆ ನನಗಿಂತ ಮೊದಲು ಒಬ್ಬ ಪೇದೆಯೇ ಹೊಡೆದಿದ್ದ! ತರಬೇತುದಾರ ಓಡಿಬಂದು, "ಅಜ್ಜೀ, ಭೇಷ್!" ಅಂದ.

"ಅಜ್ಜಿ ಯಾರೋ ನಿನಗೆ?"

"ತಪ್ಪಾಯ್ತು ಮೇಡಂ. ವರದಿ ನಾನೇ ಬರೀತೀನಿ. ಈ ಬಂದೂಕನ್ನ ನಿಮ್ಮ ಕೈಯಿಂದ ಯಾರೂ ಕಿತ್ಕೊಳ್ಳಲ್ಲ."

ಗೆದ್ದಳು! ಗೌಡರು ಬಂದು ಕೈ ಮುಗಿದರು, ಹುಡುಗರು ಕನ್ನಡಕ ತೆಗೆದು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಚಿಕ್ಕಮಾವ ಮಾತ್ರ ಒಪ್ಪಲಿಲ್ಲ. ತರಬೇತುದಾರ ಬರಿದು ಮಾಡಿ ತೋರಿಸುತ್ತಿದ್ದ ರೈಫಲ್ಲಿಗೆ ಕೈ ಚಾಚಿ, "ಅದರಾಗೇನೈತೆ ದೊಡ್ಡ ವಿದ್ಯೆ, ಕೊಡ್ರಿ ಇಲ್ಲಿ," ಅಂದರು. ಬಲಗೈಯಲ್ಲಿ ಹಿಡಿಯನ್ನು ಭದ್ರವಾಗಿ ಹಿಡಿದರು. ಲಿವರು ಎಳೆಯಲು ಕೈ ಬೇಕಲ್ಲ? ಎಡಗೈ ಹಾಕಿದರು! ಕೆಳಕ್ಕೆ ದೂಡಿ ಜೋರಾಗಿ ಮೇಲಕ್ಕೆ ಬಡಿದರು. ಹಿಡಿಗೂ ಲಿವರಿಗೂ ನಡುವೆ ಯಾರ ಬೆರಳಿದ್ದವು ಹೇಳಿ? ಅವರದೇ, ಬಲಗೈಯವು! ಆ ಕೂಗಿಗೆ ಉಳ್ಳಾರ್ತಿ ಕಾವಲಿನ ದನಗಳು ಮೇವು ಬಿಟ್ಟು ತಲೆಯೆತ್ತಿರಬೇಕು.

ಶಿಬಿರದ ನರ್ಸು ಮೂರು ಬೆರಳಿಗೆ ಔಷಧಿ ಹಚ್ಚಿ ದಪ್ಪಗೆ ಬ್ಯಾಂಡೇಜು ಸುತ್ತಿದಳು. ಮುರಿದಿರಲಿಲ್ಲ, ಬಾತಿದ್ದವು ಅಷ್ಟೆ. ಹೊತ್ತು ಮೂರು ಗಂಟೆ ದಾಟಿತ್ತು, ಯಾರೂ ಉಂಡಿರಲಿಲ್ಲ. "ಹತ್ತಲೇ ಗಾಡಿ," ಅಂತ ಅತ್ತೆ ಮೈದುನನನ್ನೂ ವ್ಯಾನಿಗೆ ಹತ್ತಿಸಿಕೊಂಡಳು. ಬಂದೂಕನ್ನು ಚೀಲ ಸಮೇತ ತೊಡೆಯ ಮೇಲೆ ಇಟ್ಟುಕೊಂಡು ದಾರಿಯುದ್ದಕ್ಕೂ ತನ್ನ ಎರಡು ತೂತುಗಳನ್ನು ವಾಪಸು ಕೇಳುತ್ತಾ ಬಂದಳು. ಚಿಕ್ಕಮಾವ ಕಿಟಕಿಯ ಹೊರಗೆ ನೋಡುತ್ತಾ ಬಂದರು.

ಬಸ್‌ಸ್ಟ್ಯಾಂಡಿನ ಹತ್ತಿರದ ಮೆಸ್ಸಿನಲ್ಲಿ ಮೂವರಿಗೂ ಮುದ್ದೆ ಬಂತು, ಹುರುಳಿಸಾರು ಬಂತು. ನಾನೂ ಅತ್ತೆಯೂ ಶುರು ಮಾಡಿದೆವು. ಚಿಕ್ಕಮಾವ ಬಿಸಿ ಮುದ್ದೆಯನ್ನು ನೋಡುತ್ತಾ ಕೂತಿದ್ದರು. ಬಲಗೈ ಬೂದುಗುಂಬಳದಂತಿತ್ತು. ಎಡಗೈ ತೊಡೆಯ ಮೇಲಿತ್ತು, ಅದನ್ನು ಅವರು ಎತ್ತುವವರಲ್ಲ. ಬಡಿಸುವವನು ಚಮಚ ತಂದಿಟ್ಟ. "ಮುದ್ದೇನ ಯಾರಾದ್ರೂ ಚಮಚದಾಗೆ ತಿಂತಾರೇನಪ್ಪ," ಅಂದರು ಚಿಕ್ಕಮಾವ. ಬೈಯುವ ದನಿಯೂ ಅದಾಗಿರಲಿಲ್ಲ. "ನನಗೆ ಹಸಿವಿಲ್ಲ. ನೀವು ಉಣ್ರಿ."

ಅತ್ತೆ ಗೇಲಿ ಮಾಡುತ್ತಾಳೆಂದು ನಾನು ಕಾದೆ. ಅವಳು ಮಾಡಲಿಲ್ಲ. ಎದ್ದು ಕೈ ತೊಳೆದು ಬಂದು ಅವರ ಪಕ್ಕ ಕೂತಳು. ಮುದ್ದೆ ಮುರಿದು, ಸಣ್ಣಗೆ ಉಂಡೆ ಮಾಡಿ, ಸಾರಿನಲ್ಲಿ ಅದ್ದಿ, ಅವರ ಬಾಯಿಯ ಹತ್ತಿರ ಹಿಡಿದಳು. ಎಡಗೈಯಲ್ಲಿ.

ಚಿಕ್ಕಮಾವ ಆ ಕೈ ನೋಡಿದರು.

"ನಾನು ನಿಮ್ಮನೀಗೆ ಬಂದಾಗ ನಿನಗಿನ್ನೂ ಹಾಲುಹಲ್ಲು," ಅಂದಳು ಅತ್ತೆ, ಮೆಲ್ಲಗೆ. "ದಿನಾ ಹಟ ಮಾಡ್ತಿದ್ದೆ, ಅತ್ತಿಗೆಮ್ಮ ಉಣಿಸಲಿ ಅಂತ. ನೆನಪೈತಾ? ನಿಮ್ಮವ್ವ ಬಿಡ್ತಿರಲಿಲ್ಲ. ಬಲಗೈಲಿ ಉಣಿಸಾಕೆ ಹೋದ್ರೆ ನನಗೆ ಬರ್ತಿರಲಿಲ್ಲ, ಎಲ್ಲಾ ನಿನ್ನ ಅಂಗಿ ಮೇಲೆ. ಒಂದು ದಿನಾನೂ ನಿನಗೆ ನಾನು ನೆಟ್ಟಗೆ ಉಣಿಸಲಿಲ್ಲ ಕಣೋ."

ಮೆಸ್ಸಿನಲ್ಲಿ ತಟ್ಟೆಗಳ ಸದ್ದು, ಹೊರಗೆ ಹಿರಿಯೂರು ಬಸ್ಸಿನವನ ಕೂಗು. ಚಿಕ್ಕಮಾವ ಬಾಯಿ ತೆರೆದರು.

ಎರಡನೇ ತುತ್ತು ಅತ್ತೆ ಬಲಗೈಗೆ ತೆಗೆದುಕೊಂಡಳು. ಅಷ್ಟು ವರ್ಷದ ರೂಢಿಯೋ, ಸುತ್ತಲಿನವರು ನೋಡುತ್ತಿದ್ದಾರೆ ಅಂತಲೋ ಏನೋ.

"ಬ್ಯಾಡ," ಅಂದರು ಚಿಕ್ಕಮಾವ. "ಅದೇ ಕೈ ಇರ್ಲಿ."